ಹುಣಸೆ ಬೀಜದ ಮನೆ

ಅತ್ತೆಯವರಿಗೆ ನಿಮ್ಮ ಸೊಸೆ ವಿಮಲಾ ಮಾಡುವ ನಮಸ್ಕಾರಗಳು.

ನಮಸ್ಕಾರ ಇಷ್ಟಕ್ಕೇ ಮುಗಿಯಿತು. ಇನ್ನು ಮುಂದಿನದೆಲ್ಲ ಜಗಳ. ನಾಳಿದ್ದು ನಿಮ್ಮ ವರ್ಷದ ತಿಥಿ. ಅಷ್ಟರೊಳಗೆ ಇದನ್ನು ಹೇಳಿ ಮುಗಿಸದಿದ್ದರೆ ಅವತ್ತು ನಿಮಗೆ ಎಡೆ ಇಡುವಾಗ ನನ್ನ ಮುಖ ಗಂಟು ಹಾಕಿಕೊಂಡೇ ಇರುತ್ತದೆ. ಓದು ಬಾರದವರಿಗೆ ಕಾಗದ ಬರೆಯುವವಳು ಎಂಥ ಸೊಸೆ ಎಂದು ನಗಬೇಡಿ. ಮಾಗಡಿಯಿಂದ ಬರುತ್ತಿದ್ದ ನಿಮ್ಮ ತಮ್ಮನ ಕಾರ್ಡುಗಳನ್ನು ಆರು ವರ್ಷ ಓದಿ ಹೇಳಿದವಳು ನಾನೇ ತಾನೆ? ಇದನ್ನೂ ಹಾಗೇ ಓದುತ್ತೇನೆ. ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ. ನಿಮ್ಮ ಮಗ ಫ್ಯಾಕ್ಟರಿಯಲ್ಲಿದ್ದಾರೆ, ಎರಡನೇ ಪಾಳಿ. ಬೀದಿ ಬಾಗಿಲು ಹಾಕಿದ್ದೇನೆ. ನಿಮ್ಮ ಫೋಟೋದ ಎದುರಿಗೆ ಕುಳಿತು ಒಬ್ಬಳೇ ಮಾತನಾಡುತ್ತಿರುವುದನ್ನು ಪಕ್ಕದ ಮನೆಯವರು ಕಂಡರೆ ರಾಜಾಜಿನಗರಕ್ಕೆಲ್ಲ ಸುದ್ದಿಯಾಗುತ್ತದೆ.

ಹೋದ ಭಾನುವಾರ ವಿಜಯನಗರದ ಸ್ಕೂಲ್ ಹಾಲಿನಲ್ಲಿ ನನಗೆ ಶಾಲು ಹೊದಿಸಿದರು. ಯಾಕೆ ಗೊತ್ತೇ? ಮಕ್ಕಳಿಗೆ ಸಂಗೀತದ ಮಾತುಗಳನ್ನು ಕಲಿಸುವ ಒಗಟಿನ ಪುಸ್ತಕ ಬರೆದದ್ದಕ್ಕೆ. ನಾನು! ಸ ಹೇಳು ಎಂದರೆ ಪ ಹೇಳುವವಳು. ನಿಮ್ಮ ನಲವತ್ತು ಒಗಟುಗಳು, ನಿಮ್ಮ ಪ್ರಶ್ನೆಗಳು, ನೀವು ಹಪ್ಪಳ ಲಟ್ಟಿಸುತ್ತಾ ತಲೆಯಲ್ಲೇ ಕೂಡಿಸಿದ ಸಾಲುಗಳು, ಎಲ್ಲದರ ಮೇಲೆ ದಪ್ಪ ಅಕ್ಷರದಲ್ಲಿ ‘ರಚನೆ: ಶ್ರೀಮತಿ ವಿಮಲಾ’ ಎಂದು ಅಚ್ಚು ಹಾಕಿಸಿದ್ದಾರೆ. ಒಳಗೆ ಎರಡನೇ ಪುಟದಲ್ಲಿ ಸಣ್ಣದಾಗಿ, ‘ಅತ್ತೆಯವರ ಆಶೀರ್ವಾದದಿಂದ’ ಅಂತೆ. ನಿಮ್ಮ ಹೆಸರು ಕೂಡ ಇಲ್ಲ. ಚೆಲುವಮ್ಮ ಎಂಬ ನಾಲ್ಕು ಅಕ್ಷರಕ್ಕೆ ಆ ಪುಸ್ತಕದಲ್ಲಿ ಜಾಗವಿರಲಿಲ್ಲ. ಇದಕ್ಕೆಲ್ಲ ಕಾರಣ ಯಾರು ಎಂದು ಯೋಚಿಸಿ ಯೋಚಿಸಿ ಕೊನೆಗೆ ನಾನು ಸಿಟ್ಟಾಗಬೇಕಾದದ್ದು ನಿಮ್ಮ ಮೇಲೇ ಎಂದು ತೀರ್ಮಾನಿಸಿದ್ದೇನೆ.

ಮದುವೆಯಾಗಿ ಬಂದ ಮೂರನೆಯ ದಿನ ನೆನಪಿದೆಯೇ? ಅಂಚೆಯವನು ಕಾರ್ಡು ಎಸೆದು ಹೋದ. ನೀವು ಅದನ್ನು ನನ್ನ ಕೈಗೆ ಕೊಟ್ಟು, ಕಣ್ಣು ಮಂಜು, ನೀನೇ ಓದಮ್ಮ ಎಂದಿರಿ. ಓದಿದೆ. ಓದು ಮುಗಿಸಿ ನೋಡಿದರೆ ನೀವು ಅದೇ ಕಣ್ಣಿನಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದಿರಿ, ಅದೂ ಮೊದಲ ಸಲಕ್ಕೇ. ಅಕ್ಕಿಯಲ್ಲಿ ನನಗೆ ಕಾಣದ ಕಲ್ಲು ನಿಮಗೆ ಕಾಣುತ್ತಿತ್ತು. ಎದುರು ಮನೆಯ ಮಹಡಿಯಲ್ಲಿ ಒಣಗಿದ ಸೀರೆಯ ಅಂಚು ಯಾವ ಬಣ್ಣ ಎಂದು ಇಲ್ಲಿಂದಲೇ ಹೇಳುತ್ತಿದ್ದಿರಿ. ಅಕ್ಷರ ಮಾತ್ರ ಮಂಜು. ನಾಲ್ಕು ದಿನ ಸುಮ್ಮನಿದ್ದೆ. ಐದನೆಯ ದಿನ ಅಡುಗೆ ಮನೆಯಲ್ಲಿ ಮೆಲ್ಲಗೆ ಕೇಳಿಬಿಟ್ಟೆ. ನೀವು ಹುರಿಯುತ್ತಿದ್ದ ರವೆ ಸೀದು ಹೋಯಿತು.

ಅವತ್ತು ನನ್ನ ಕೈ ಹಿಡಿದು ಹೇಳಿದಿರಿ. “ನನ್ನ ಮಗನಿಗೂ ಗೊತ್ತಿಲ್ಲ ಕಣೇ. ಮಕ್ಕಳಿಗೆ ಹಾಡಿನ ಪಾಠ ಹೇಳೋಳು ನಾನು. ಓದು ಬರಲ್ಲ ಅಂದ್ರೆ ಯಾರು ಕಳಿಸ್ತಾರೆ? ಯಾರಿಗೂ ಹೇಳಲ್ಲ ಅಂತ ಮಾತು ಕೊಡು.” ಕೊಟ್ಟೆ. ಹೊಸ ಸೊಸೆ, ಕೊಡದೆ ಇನ್ನೇನು ಮಾಡಲಿ? ನಿಮ್ಮ ಅಪ್ಪ ಮಾಗಡಿಯ ಗುಡಿಯಲ್ಲಿ ಭಜನೆ ಹೇಳಿಸುತ್ತಿದ್ದವರು. ಗಂಡು ಮಕ್ಕಳನ್ನು ಶಾಲೆಗೆ ಕಳಿಸಿ, ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೀ ಕಿವಿಯಲ್ಲೇ ಇನ್ನೂರು ಹಾಡು ಕಲಿಸಿದವರು. ಇನ್ನೂರು ಹಾಡು ಬರುವ ಹೆಂಗಸು ಇಪ್ಪತ್ತು ಅಕ್ಷರ ಬರುವವರ ಮುಂದೆ ತಲೆ ತಗ್ಗಿಸಬೇಕೇ? ಆಗಲೇ ಕೇಳಬೇಕಿತ್ತು. ಕೇಳಲಿಲ್ಲ.

ಆಮೇಲೆ ಆ ಕನ್ನಡಕದ ಪ್ರಸಂಗ. ಅಮ್ಮನ ಕಣ್ಣು ಮಂಜು ಎಂದು ನಿಮ್ಮ ಮಗ ರಜೆ ಹಾಕಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಗೋಡೆಯ ಮೇಲಿನ ಅಕ್ಷರ ಓದಿ ಎಂದರೆ ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಎಲ್ಲದಕ್ಕೂ ಮಂಜು ಮಂಜು ಎಂದಿರಿ. ಆ ಪುಣ್ಯಾತ್ಮರು ಬಾಟಲಿಯ ತಳದಂಥ ಗಾಜು ಬರೆದುಕೊಟ್ಟರು. ಚೆನ್ನಾಗಿದ್ದ ಕಣ್ಣಿಗೆ ಅದನ್ನು ಹಾಕಿಕೊಂಡು ಹೊಸಿಲು ಎಡವಿದಿರಿ, ಪಾತ್ರೆ ಉರುಳಿಸಿದಿರಿ. ಕೊನೆಗೆ ಮೂಗಿನ ತುದಿಗೆ ಇಳಿಸಿಕೊಂಡು ಗಾಜಿನ ಮೇಲಿನಿಂದ ನೋಡುವುದನ್ನು ಕಲಿತಿರಿ. ನಿಮ್ಮ ಮಗನಿಗೆ ಏನು ಸಂತೋಷ! ನಾನು ಸೆರಗು ಬಾಯಿಗಿಟ್ಟುಕೊಂಡು ಹಿತ್ತಲಿಗೆ ಓಡಿದ್ದೆ. ನಗು ಬಂದಿತ್ತೋ ಅಳು ಬಂದಿತ್ತೋ ಈಗ ಹೇಳಲಾರೆ.

ಒಗಟು ಶುರುವಾದದ್ದು ಒಂದು ಶನಿವಾರ. ಹನ್ನೊಂದು ಮಕ್ಕಳು ಹಾಲಿನ ಕೆಂಪು ನೆಲದ ಮೇಲೆ ಕುಳಿತು ದೇವರನಾಮ ಹೇಳುತ್ತಿದ್ದವು. ನೀವು ತಟ್ಟನೆ ನಿಲ್ಲಿಸಿ, ಈಗ ಪಲ್ಲವಿ ಹೇಳಿದಿರಲ್ಲ, ಪಲ್ಲವಿ ಅಂದರೇನು ಎಂದು ಕೇಳಿದಿರಿ. ಒಬ್ಬ, ಅದು ನಮ್ಮ ಚಿಕ್ಕಮ್ಮನ ಹೆಸರು ಎಂದ. ಇನ್ನೊಬ್ಬಳು, ಹಾಡು ಶುರು ಮಾಡುವ ಮುಂಚೆ ಗಂಟಲು ಸರಿ ಮಾಡಿಕೊಳ್ಳುವುದು ಎಂದಳು. ನೀವು ನಗಲಿಲ್ಲ. ನಾನು ಆಫೀಸಿನಿಂದ ಬಂದು ಕಾಲು ತೊಳೆಯುವಷ್ಟರಲ್ಲಿ ಸೀಮೆಸುಣ್ಣ ಕೈಗೆ ಕೊಟ್ಟು, “ಬಾರೇ, ನೆಲದ ಮೇಲೆ ಎಂಟು ಮನೆ ಗೀಚು, ಚೌಕಾಬಾರ ಮನೆ ಥರ” ಎಂದಿರಿ. ಕಾಫಿ ಕುಡಿಯದೆ ಗೀಚಿದೆ. ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಎಂಟು ಮನೆ ಯಾಕೆಂದು ನನಗೆ ಎರಡು ವಾರ ಅರ್ಥವಾಗಿರಲಿಲ್ಲ. ಮನೆಗೊಂದು ಅಕ್ಷರ ಎಂದು ಮಾತ್ರ ತಿಳಿದಿತ್ತು. ‘ಹಾಡಿನ ಬಾಗಿಲು, ಎಲ್ಲಿ ಹೋದರೂ ಮತ್ತೆ ಇಲ್ಲಿಗೇ ಬರಬೇಕು’ ಎಂದು ನೀವು ಕೇಳುತ್ತಿದ್ದಿರಿ, ಮಕ್ಕಳು ಯೋಚಿಸಿ ‘ಪಲ್ಲವಿ’ ಎನ್ನುತ್ತಿದ್ದವು. ಮೂರು ಮನೆ ತುಂಬಿತು. ನಾಲ್ಕನೆಯದರಲ್ಲಿ ನೀವು ಒಂದು ಹುಣಸೆ ಬೀಜ ಇಟ್ಟಿರಿ. ‘ಕೈಯಲ್ಲಿರುತ್ತೆ, ಕೈಯಿಂದ ಬಿದ್ದರೆ ಹಾಡೇ ಬೀಳುತ್ತೆ’ ಎಂದರೆ ‘ತಾಳ’. ‘ಓಡಬಾರದು, ಕುಂಟಬಾರದು, ಒಂದೇ ನಡೆ’ ಎಂದರೆ ‘ಲಯ’. ಅಲ್ಲಿಗೆ ಎಂಟು ಮನೆ. ಆಮೇಲೆ ಎಲ್ಲರೂ ಆದಿತಾಳ ಹಾಕುತ್ತಾ ಆ ಸಾಲನ್ನು ಹೇಳಬೇಕು. ಒಂದು ತಟ್ಟು, ಮೂರು ಬೆರಳು, ಮತ್ತೆ ತಟ್ಟಿ ಬೀಸು, ತಟ್ಟಿ ಬೀಸು. ತಾಳಕ್ಕೂ ಎಂಟೇ ಎಣಿಕೆ, ಸಾಲಿಗೂ ಎಂಟೇ ಮನೆ. ಹುಣಸೆ ಬೀಜ ಬಂದ ಎಣಿಕೆಯಲ್ಲಿ ಕೈ ಆಡಬೇಕು, ಬಾಯಿ ಮುಚ್ಚಬೇಕು. ಸಾಲಿಗೊಂದು ಬೀಜ ಇರಲೇಬೇಕು ಎಂಬುದು ನಿಮ್ಮ ಕಾನೂನು.

ಆ ಬೀಜದ ವಿಷಯಕ್ಕೆ ನಾವು ಎಷ್ಟು ಕಿತ್ತಾಡಿದೆವು! ಮಕ್ಕಳು ಮನೆಗೆ ಒಯ್ಯಲಿ ಎಂದು ನಾನು ಒಗಟುಗಳನ್ನು ಹಾಳೆಯ ಮೇಲೆ ಬರೆಯತೊಡಗಿದಾಗ, ಖಾಲಿ ಮನೆ ಯಾಕೆ ದಂಡಕ್ಕೆ, ತೆಗೆದುಬಿಡೋಣ ಎಂದಿದ್ದೆ. ಹಾಳೆ ಉಳಿಯುತ್ತಿತ್ತು. ನೀವು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದೆ. “ಅದು ಖಾಲಿ ಅಂತ ಯಾರು ಹೇಳಿದ್ರು ನಿಂಗೆ? ಅಲ್ಲಿ ಉಸಿರು ತಗೋಬೇಕು. ಹಾಡೋಕೆ ಯಾರು ಬೇಕಾದ್ರೂ ಕಲಿಸ್ತಾರೆ ಕಣೇ, ಸುಮ್ನಿರೋದು ಕಲಿಸೋದೇ ಕಷ್ಟ.” ಬಾಯಿ ಮುಚ್ಚಿಕೊಂಡು ಬೀಜದ ಮನೆಗೊಂದು ಸೊನ್ನೆ ಸುತ್ತಿದೆ. ನಲವತ್ತು ಹಾಳೆಗಳಿಗೂ ಸುತ್ತಿದೆ.

ಹಾಳೆಯಿಂದ ಹೊಸ ಫಜೀತಿ ಬಂತು. ಮೇಷ್ಟರು ಎಂದ ಮೇಲೆ ಕೈಯಲ್ಲಿ ಹಾಳೆ ಇರಬೇಕು ಎಂದು ನೀವು ಕನ್ನಡಕ ಏರಿಸಿ, ಹಾಳೆ ಹಿಡಿದು, ಬಾಯಿಪಾಠದ ಪ್ರಶ್ನೆಗಳನ್ನು ಓದುವವರ ಹಾಗೆ ಹೇಳತೊಡಗಿದಿರಿ. ಒಂದು ಶನಿವಾರ ನಾನು ಚುರುಮುರಿ ತಂದು ನೋಡುತ್ತೇನೆ, ಹಾಳೆ ತಲೆಕೆಳಗೆ. ತಟ್ಟೆ ಇಡುವ ನೆಪದಲ್ಲಿ ಹಾಳೆ ತಿರುಗಿಸಿ ಕೊಟ್ಟೆ. ಮಕ್ಕಳು ಯಾವೂ ಗಮನಿಸಿದ ಹಾಗೆ ಕಾಣಲಿಲ್ಲ, ಬದುಕಿದೆ ಎಂದುಕೊಂಡೆ. ಮಾರನೆಯ ದಿನವೇ ಕುಂಕುಮ ಕಲಸಿ ಪ್ರತಿ ಹಾಳೆಯ ಮೇಲ್ಗಡೆ ಬಲ ಮೂಲೆಗೆ ಒಂದೊಂದು ಬೊಟ್ಟಿಟ್ಟೆ. ಬೊಟ್ಟು ಮೇಲಕ್ಕೆ ಬಂದರೆ ಹಾಳೆ ಸರಿ, ಇಷ್ಟೇ ಲೆಕ್ಕ. ನೋಡಿದವರೆಲ್ಲ ಎಷ್ಟು ಆಚಾರ ಎಂದು ಮೆಚ್ಚಿದರು. ನಾಲ್ಕು ವರ್ಷ ಆ ಹಾಳೆಗಳನ್ನು ಮಕ್ಕಳು ಉಜ್ಜಾಡಿದರೂ ಬೊಟ್ಟು ಮಾಸಲಿಲ್ಲ. ಅಂಗಡಿಯವನು ಒಳ್ಳೆ ಕುಂಕುಮ ಕೊಟ್ಟಿದ್ದಾನೆ ಎಂದುಕೊಂಡಿದ್ದೆ.

ಆ ಕುಂಕುಮದ ಭರಣಿ ಎಂದ ಕೂಡಲೇ ಇನ್ನೊಂದು ಸಿಟ್ಟು. ದೇವರ ಗೂಡಿನಲ್ಲಿ ಭರಣಿಯ ಮುಚ್ಚಳ ತೆಗೆದೇ ಇರುತ್ತದೆ, ಇರುವೆ ಬೀಳುತ್ತದೆ, ಮನೆ ಸೊಸೆಗೆ ಇಷ್ಟೂ ಗಮನ ಬೇಡವೇ ಎಂದು ಶನಿವಾರ ಶನಿವಾರ ನನ್ನನ್ನು ಬೈಯುತ್ತಿದ್ದಿರಿ. ನಾನು ತೆಗೆದಿಲ್ಲ ಎಂದರೆ, ಮತ್ತೆ ಯಾರು, ನಾನು ತೆಗೆದೆನೇ ಎನ್ನುತ್ತಿದ್ದಿರಿ. ಮಾವ ಹೋದಾಗಿನಿಂದ ನೀವು ಆ ಭರಣಿಯನ್ನು ಮುಟ್ಟುತ್ತಿರಲಿಲ್ಲ. ನಿಮ್ಮ ಮಗನಿಗೆ ಅದು ಎಲ್ಲಿದೆ ಎಂಬುದೇ ತಿಳಿಯದು. ಉಳಿದವಳು ನಾನೊಬ್ಬಳು. ಕೊನೆಕೊನೆಗೆ ನನಗೇ ನನ್ನ ಮೇಲೆ ಅನುಮಾನ ಬಂದಿತ್ತು. ಸಾಯುವ ಎಂಟು ದಿನ ಮುಂಚೆ ಕೂಡ ಅದೇ ಮಾತು ಅಂದಿರಲ್ಲ ಅತ್ತೆ, ಜ್ವರದಲ್ಲೂ…

ಸಂಗೀತ ಮಂಡಳಿಯ ಶೇಷಗಿರಿ ರಾಯರು ಮನೆಗೆ ಬಂದ ಸಂಜೆ ನಾನು ಅಡುಗೆ ಮನೆಯಲ್ಲಿದ್ದೆ. ರಾಯರು ಕೆಟ್ಟವರಲ್ಲ. ಕುರ್ಚಿ, ಜಮಖಾನ, ಮೈಕು ಹೊಂದಿಸುವುದರಲ್ಲಿ ಎತ್ತಿದ ಕೈ. ಸಂಗೀತ ಮಾತ್ರ ಅಷ್ಟಕ್ಕಷ್ಟೆ. ಮಕ್ಕಳ ಬಾಯಲ್ಲಿ ಒಗಟು ಕೇಳಿ, ಮಂಡಳಿಯಿಂದ ಪುಸ್ತಕ ಮಾಡೋಣ ಎಂದು ಬಂದಿದ್ದರು. ನೀವು ಖುಷಿಯಿಂದ ಇಡೀ ಕಟ್ಟು ತೆಗೆದು ಅವರ ಕೈಗಿಟ್ಟಿರಿ. ಅವರು ಹಾಳೆ ತಿರುವಿ, ಎಲ್ಲಾ ತಾವೇ ಬರೆದದ್ದಾ ಎಂದು ಕೇಳಿದರು. ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನೀವು ಗಡಿಬಿಡಿಯಲ್ಲಿ ಕನ್ನಡಕ ಸರಿ ಮಾಡಿಕೊಂಡು ಹೇಳಿದಿರಿ: “ನಂದೇನಿಲ್ಲ ರಾಯರೇ. ಎಲ್ಲಾ ಇವಳೇ ಬರ್ದಿರೋದು, ನಮ್ಮ ವಿಮಲಾ.”

ಯಾಕೆ ಹಾಗೆ ಹೇಳಿದಿರಿ? ಎಲ್ಲಿ ಒಂದು ಸಾಲು ಬರೆದು ತೋರಿಸಿ ಎಂದುಬಿಡುತ್ತಾರೆ ಎಂಬ ಭಯವೇ? ಅವರು ಹೋದ ಮೇಲೆ ನಾನು ರೇಗಿದಾಗ, ಬರೆದದ್ದು ನೀನೇ ಅಲ್ಲವೇ, ನಾನೇನು ಸುಳ್ಳು ಹೇಳಿದೆನೇ ಎಂದು ನನ್ನ ಬಾಯಿ ಮುಚ್ಚಿಸಿದಿರಿ. ಪುಸ್ತಕ ಬರುವ ಮುಂಚೆ ಸರಿ ಮಾಡಿಸಿದರಾಯಿತು ಎಂದು ನಾನೂ ಸುಮ್ಮನಾದೆ. ಅಷ್ಟರಲ್ಲಿ ಆಷಾಢದ ಜ್ವರ ಬಂತು. ಒಂಬತ್ತೇ ದಿನ. ಅದರ ಮುಂದಿನ ಶನಿವಾರ ಮಕ್ಕಳು ಎಂದಿನಂತೆ ಬಂದು ಹಾಲಿನಲ್ಲಿ ಕುಳಿತವು. ಯಾರೂ ಏನೂ ಹೇಳದೆ ಒಂದು ಗಂಟೆ ಕುಳಿತಿದ್ದು ಎದ್ದು ಹೋದವು. ನನಗೆ ಅವತ್ತು ಅಳು ನಿಲ್ಲಲೇ ಇಲ್ಲ.

ಹತ್ತು ತಿಂಗಳು ಕಳೆದು ರಾಯರು ಪುಸ್ತಕ ತಂದರು. ರಟ್ಟಿನ ಮೇಲೆ ವೀಣೆಯ ಚಿತ್ರ. ತೆರೆದು ನೋಡಿದೆ, ನನ್ನ ಹೆಸರು. ಒಳಗೆ ನೋಡಿದೆ, ಎಂಟು ಮನೆಯ ಬದಲು ಏಳು ಮನೆ. ಬೀಜದ ಸೊನ್ನೆ ಒಂದೂ ಇಲ್ಲ. ಕೇಳಿದರೆ, ಪುಟದ ಅಗಲಕ್ಕೆ ಎಂಟು ಮನೆ ಹಿಡಿಸಲಿಲ್ಲವಮ್ಮ, ಸೊನ್ನೆ ಹೇಗೂ ಖಾಲಿ, ತೆಗೆದುಬಿಟ್ಟೆವು ಎಂದರು. ಅಷ್ಟೇ ಅಲ್ಲ ಅತ್ತೆ. ಪ್ರತಿ ಪುಟದ ಮೇಲ್ಗಡೆ ಬಲ ಮೂಲೆಯಲ್ಲಿ ಕೆಂಪು ಬೊಟ್ಟು! ಸಂಪ್ರದಾಯ ಬಿಡಬಾರದು ಎಂದು ಎರಡನೇ ಬಣ್ಣ ಹಾಕಿಸಿ ಅಚ್ಚು ಮಾಡಿಸಿದ್ದಾರೆ. ಬೇಕಾದ ಬೀಜ ಎಸೆದರು, ಬೇಡದ ಬೊಟ್ಟು ಉಳಿಸಿಕೊಂಡರು. ನನ್ನ ಮೈಯೆಲ್ಲ ಉರಿದುಹೋಯಿತು.

ಇದು ನನ್ನದಲ್ಲ ರಾಯರೇ, ನಮ್ಮತ್ತೆಯದು ಎಂದೆ. ರಾಯರು ಕಣ್ಣಲ್ಲಿ ನೀರು ತಂದುಕೊಂಡು, ಸೊಸೆ ಎಂದರೆ ಹೀಗಿರಬೇಕು, ಎಂಥ ವಿನಯ ಎಂದರು. ವಿನಯವಲ್ಲ, ನಿಜ ಎಂದೆ. ಅವರೇ ಹೇಳಿದ್ದಾರಲ್ಲಮ್ಮ, ಅಕ್ಷರವೂ ನಿಮ್ಮದೇ ಇದೆಯಲ್ಲ ಎಂದರು. ಬೀದಿಯವರಿಗೆ ಹೇಳಿದೆ, ಆಫೀಸಿನಲ್ಲಿ ಹೇಳಿದೆ. ನಾನು ಅಲ್ಲ ಅಲ್ಲ ಎಂದಷ್ಟೂ ಅವರು ಭಲೆ ಭಲೆ ಎಂದರು. ಸೀಮೆಎಣ್ಣೆ ಕ್ಯೂನಲ್ಲಿ ನಿಂತಿದ್ದಾಗ ಒಬ್ಬಾಕೆ ತನ್ನ ಸೊಸೆಯನ್ನು ಎಳೆದುಕೊಂಡು ಬಂದು ನನ್ನನ್ನು ತೋರಿಸಿ, ನೋಡಿ ಕಲಿ ಎಂದರು. ಆ ಹುಡುಗಿ ನನ್ನನ್ನು ನುಂಗುವ ಹಾಗೆ ನೋಡಿದಳು. ನಿಮ್ಮ ಮಗನೂ ಕಡಿಮೆಯಿಲ್ಲ. “ಅಮ್ಮನೇ ಬರೆದಿದ್ರೆ ಅಮ್ಮನ ಅಕ್ಷರ ಎಲ್ಲಾದ್ರೂ ಒಂದು ಕಡೆ ಇರ್ಬೇಕಲ್ವೇನೇ?” ಎಂದರು. ಬಾಯಿ ತುದಿಗೆ ಬಂತು. ನಿಮಗೆ ಕೊಟ್ಟ ಮಾತು ಅಲ್ಲೇ ತಡೆಯಿತು. ಒಂದೇ ಒಂದು ವಾಕ್ಯ ಹೇಳಿದರೆ ಎಲ್ಲ ಇತ್ಯರ್ಥವಾಗುತ್ತಿತ್ತು, ಆ ಒಂದು ವಾಕ್ಯಕ್ಕೇ ನೀವು ಬೀಗ ಹಾಕಿ ಹೋಗಿದ್ದಿರಿ.

ಇನ್ನೊಂದು ಮಾತು. ನಿಮ್ಮ ಹತ್ತಿರ ಮುಚ್ಚಿಟ್ಟು ಏನು ಪ್ರಯೋಜನ? ಒಂದು ದಿನ, ಒಂದೇ ದಿನ, ನನಗೆ ಅದು ಹಿತವಾಗಿತ್ತು. ಆಫೀಸಿನಲ್ಲಿ ಸೂಪರಿಂಟೆಂಡೆಂಟರು ಎದ್ದು ನಿಂತು, ನೀವು ಲೇಖಕಿ ಎಂದು ಗೊತ್ತಿರಲಿಲ್ಲ ಎಂದಾಗ, ಅಲ್ಲ ಸಾರ್ ಎನ್ನುವುದಕ್ಕೆ ಮುಂಚೆ ನಾನು ಒಂದು ಗಳಿಗೆ ತಡೆದೆ. ಬಸ್ಸಿನಲ್ಲಿ ಮಾಗಡಿ ರಸ್ತೆಯುದ್ದಕ್ಕೂ ಆ ಒಂದು ಗಳಿಗೆ ನನ್ನನ್ನು ಚುಚ್ಚಿತು. ಮನೆಗೆ ಬಂದು ನಿಮ್ಮ ಫೋಟೋದ ಕಡೆ ನೋಡದೆ ಸೀದಾ ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕಿದೆ.

ಭಾನುವಾರದ ಸಮಾರಂಭಕ್ಕೆ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದೆ. ಮಕ್ಕಳು ವೇದಿಕೆಯ ಮೇಲೆ ಒಗಟು ಬಿಡಿಸುತ್ತವೆ ಎಂದು ತಿಳಿದು ಹೋದೆ. ವಿಜಯನಗರದ ಆ ಕಡೆ ಇನ್ನೂ ಅರ್ಧ ಸೈಟು ಖಾಲಿ, ಆದರೂ ಹಾಲ್ ತುಂಬಿತ್ತು. ಶಾಲು ಹೊದಿಸಿದರು. ಸೆಕೆಗೆ ಬೆವರುತ್ತಾ ಕುಳಿತೆ. ರಾಯರು ಪುಸ್ತಕದ ಮೊದಲ ಒಗಟನ್ನು ದೊಡ್ಡ ಹಲಗೆಯ ಮೇಲೆ ಬರೆಸಿದ್ದರು, ಸಾಲಿಗೆ ಏಳು ಮನೆ. ನಿಮ್ಮ ಹನ್ನೊಂದು ಮಕ್ಕಳು ಸಾಲಾಗಿ ಕುಳಿತವು. ತುದಿಯಲ್ಲಿ ಗಿರಿಜಾ, ಅದೇ ಗಂಟಲು ಸರಿ ಮಾಡಿಕೊಳ್ಳುವುದು ಎಂದಿದ್ದವಳು, ಈಗ ಎರಡು ಜಡೆ ಹಾಕುತ್ತಾಳೆ. ರಾಯರು ಕೋಲು ಹಿಡಿದು ಪ್ರಶ್ನೆ ಕೇಳಿದರು. ಮಕ್ಕಳು ಯಾರೂ ಹೇಳದೆಯೇ ತೊಡೆಯ ಮೇಲೆ ತಾಳ ಹಾಕತೊಡಗಿದವು.

ಪ, ಲ್ಲ, ವಿ. ಆಮೇಲೆ ಹನ್ನೊಂದು ನಡುಬೆರಳು ಹನ್ನೊಂದು ತೊಡೆ ಮುಟ್ಟಿದವು. ಬಾಯಿ ಒಂದೂ ತೆರೆಯಲಿಲ್ಲ.

ರಾಯರ ಕೋಲು ಆಗಲೇ ಮುಂದಿನ ಮನೆಗೆ ಹೋಗಿತ್ತು. ಮಕ್ಕಳಿಗೆ ಮರೆತುಹೋಯಿತು ಎಂದು, ತಾ, ತಾ ಎಂದು ಹೇಳಿಕೊಟ್ಟರು. ಮಕ್ಕಳು ತಮ್ಮ ಪಾಡಿಗೆ ತಾಳ, ಲಯ ಎಂದು ಮುಗಿಸಿದವು. ಎರಡನೆಯ ಸಾಲು, ‘ಗಮಕ’ ಆದ ಮೇಲೆ ಮತ್ತೆ ಮೌನ. ರಾಯರು ಮತ್ತೆ ಮುಂದೆ, ಮಕ್ಕಳು ಹಿಂದೆ. ಮೂರನೆಯ ಸಾಲಿಗೆ ಸಭೆಯಲ್ಲಿ ಗುಸುಗುಸು ಶುರುವಾಯಿತು. ರಾಯರು ಬೆವರು ಒರೆಸಿಕೊಂಡು ಮೈಕಿನಲ್ಲೇ ಕೇಳಿದರು.

“ಎಲ್ಲರೂ ಒಂದೇ ಜಾಗದಲ್ಲಿ ತಡವರಿಸ್ತಾ ಇದೀರಲ್ಲ, ಯಾಕ್ರಮ್ಮ?”

“ತಡವರಿಸ್ತಾ ಇಲ್ಲ ಸಾರ್,” ಎಂದಳು ಗಿರಿಜಾ. “ಅಲ್ಲಿ ಬೀಜ ಇದೆ.”

ಪುಸ್ತಕದಲ್ಲಿ ಯಾವ ಬೀಜವೂ ಇಲ್ಲವಲ್ಲ ಎಂದರು ರಾಯರು. ಅವಳು, ಪುಸ್ತಕದಲ್ಲಿ ಇಲ್ಲದಿದ್ದರೆ ಪುಸ್ತಕ ತಪ್ಪು ಸಾರ್, ಬೀಜ ಇಟ್ಟದ್ದು ಅಜ್ಜಿ ಎಂದಳು. ರಾಯರು ನಕ್ಕು, ಪುಸ್ತಕ ಬರೆದ ಆಂಟಿ ಇಲ್ಲೇ ಇದ್ದಾರೆ, ಅವರನ್ನೇ ಕೇಳೋಣ ಎಂದು ಮೈಕು ನನ್ನ ಕಡೆ ತಿರುಗಿಸಿದರು. ಮುಂದಿನ ಸಾಲಿನಲ್ಲಿ ನಿಮ್ಮ ಮಗ ಕುಳಿತಿದ್ದರು. ಹನ್ನೊಂದು ಮಕ್ಕಳೂ ನನ್ನನ್ನೇ ನೋಡುತ್ತಿದ್ದವು. ನಾನೀಗ ವಿನಯದ ಮಾತನಾಡಿದರೆ ಗಿರಿಜಾ ಸುಳ್ಳಿಯಾಗುತ್ತಾಳೆ. ನಿಜ ಹೇಳಿದರೆ ನಾನು ಮಾತಿಗೆ ತಪ್ಪಿದವಳಾಗುತ್ತೇನೆ. ನೀವೇ ಹೇಳಿ, ಏನು ಮಾಡಬೇಕಿತ್ತು?

ಶಾಲು ತೆಗೆದು ಕುರ್ಚಿಯ ಮೇಲಿಟ್ಟೆ. “ಬೀಜ ನಮ್ಮತ್ತೇದು. ಮನೆಗಳು ಅವರ್ದು, ಪ್ರಶ್ನೆ ಅವರ್ದು, ಉತ್ತರಾನೂ ಅವರ್ದೇ. ಅವರು ಹೇಳಿದ್ರು, ನಾನು ಬರ್ಕೊಂಡೆ. ಯಾಕಂದ್ರೆ ನಮ್ಮತ್ತೆಗೆ ಓದೋಕೆ ಬರೆಯೋಕೆ ಬರ್ತಿರ್ಲಿಲ್ಲ.” ಇಷ್ಟೇ ಹೇಳಿದ್ದು. ಆಮೇಲೆ ಸಿಟ್ಟು ಬಂದು ಇನ್ನೂ ನಾಲ್ಕು ಮಾತು ಆಡಿದೆ. ತಾಳಕ್ಕೆ ಎಂಟು ಎಣಿಕೆ ಎಂದು ತಿಳಿಯದವರು ಸಂಗೀತದ ಪುಸ್ತಕ ಅಚ್ಚು ಹಾಕಿಸಬಾರದು ಎಂದೆ. ಅಕ್ಷರ ಬಾರದವರಿಗೆ ಬುದ್ಧಿಯೂ ಬರುವುದಿಲ್ಲ ಎಂದುಕೊಂಡವರೆಲ್ಲ ಈ ಮಕ್ಕಳ ಹತ್ತಿರ ಬಂದು ಒಂದು ಶನಿವಾರ ಕುಳಿತುಕೊಳ್ಳಲಿ ಎಂದೆ. ಅದು ಹೆಚ್ಚಾಯಿತೇನೋ. ಹೇಳಿ ಆಯಿತು, ವಾಪಸು ತೆಗೆದುಕೊಳ್ಳುವುದಿಲ್ಲ. ರಾಯರು ಪಾಪ, ಕೋಲು ಕೆಳಗಿಟ್ಟು ಕೈ ಮುಗಿದರು. ಪುಸ್ತಕಗಳನ್ನು ಅಲ್ಲೇ ಕಟ್ಟಿಸಿ ವಾಪಸು ಕಳಿಸಿದರು. ಹೊಸ ಅಚ್ಚಿನಲ್ಲಿ ಅಡ್ಡ ಪುಟ, ಸಾಲಿಗೆ ಎಂಟು ಮನೆ, ಬೀಜದ ಮನೆಗೆ ಬೀಜದ ಚಿತ್ರ, ರಟ್ಟಿನ ಮೇಲೆ ಚೆಲುವಮ್ಮ. ಪ್ರೂಫ್ ನನ್ನ ಕೈಗೆ ಬಂದಿದೆ, ನಿಮ್ಮ ಫೋಟೋದ ಕೆಳಗೆ ಇಟ್ಟಿದ್ದೇನೆ.

ನಿಮ್ಮ ಮಗ ಮನೆಗೆ ಬಂದು ಬೀರುವಿನಿಂದ ನಿಮ್ಮ ಕನ್ನಡಕ ತೆಗೆದು ಕಣ್ಣಿಗೆ ಹಾಕಿಕೊಂಡು ನೋಡಿದರು. “ಇದರಲ್ಲಿ ಏನೂ ಕಾಣಲ್ಲ ಕಣೇ. ಐದು ವರ್ಷ ಅಮ್ಮ ಇದನ್ನ ಹಾಕ್ಕೊಂಡಿದ್ದು ನನಗೋಸ್ಕರಾನಾ?” ಎಂದರು. ಹೆತ್ತ ಮಗನ ಹತ್ತಿರವೂ ನಾಚಿಕೆಯೇ ಅತ್ತೆ? ಅವರೇ ನಿಮಗೆ ಸಂಜೆ ಹೊತ್ತು ನಾಲ್ಕು ಅಕ್ಷರ ಹೇಳಿಕೊಡುತ್ತಿದ್ದರಲ್ಲ. ಈ ಸಿಟ್ಟು ನನಗೆ ಬೇಗ ಇಳಿಯುವುದಿಲ್ಲ, ನಿಮ್ಮ ಮಗನಿಗಂತೂ ಇಳಿಯುವುದೇ ಇಲ್ಲ. ಕನ್ನಡಕ ಈಗ ಅವರ ತಲೆದಿಂಬಿನ ಪಕ್ಕದಲ್ಲಿದೆ.

ಇನ್ನು ನಿಮಗೆ ತಿಳಿಯದ ಸುದ್ದಿ. ಸಭೆ ಮುಗಿದು ದೊನ್ನೆಯಲ್ಲಿ ಕೋಸಂಬರಿ ಹಂಚುತ್ತಿದ್ದರು. ನಾನು ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದೆ. ಗಿರಿಜಾ ಬಂದು ಪಕ್ಕದಲ್ಲಿ ನಿಂತಳು. ಅಜ್ಜಿಯ ವಿಷಯ ಹೀಗೆ ಎಲ್ಲರ ಮುಂದೆ ಹೇಳಿಬಿಟ್ಟೆ, ನಿಮಗೆಲ್ಲ ಬೇಜಾರಾಯಿತಾ ಎಂದು ಕೇಳಿದೆ. ಅವಳು ಇಲ್ಲ ಎಂದು ತಲೆಯಾಡಿಸಿದಳು.

“ನಮಗೆ ಮೊದಲಿಂದ್ಲೂ ಗೊತ್ತಿತ್ತು ಆಂಟಿ. ಅಜ್ಜಿ ಹಾಳೆ ಉಲ್ಟಾ ಹಿಡ್ಕೊಂಡಿದ್ರಲ್ಲ, ಅವತ್ತೇ. ಯಾರೂ ನಗಬಾರದು, ಮನೇಲೂ ಹೇಳಬಾರದು ಅಂತ ಮಾತಾಡ್ಕೊಂಡ್ವಿ. ಆಮೇಲೆ ನೀವು ಬೊಟ್ಟು ಇಟ್ರಿ. ಅದು ಮಾಸಿ ಹೋದಾಗೆಲ್ಲಾ ನಾವೇ ಹಚ್ತಾ ಇದ್ವಿ, ನೀವು ಆಫೀಸಿಂದ ಬರೋದ್ರೊಳಗೆ, ಅಜ್ಜಿ ಒಳಗೆ ನೀರು ಕುಡಿಯೋಕೆ ಹೋದಾಗ.”

ನಾಲ್ಕು ವರ್ಷ ಅತ್ತೆ. ಹನ್ನೊಂದು ಮಕ್ಕಳು. ಯಾರಿಗೆ ಹೆದರಿ ನೀವು ಆ ಗಾಜು ಹಾಕಿಕೊಂಡು ಕುಳಿತಿದ್ದಿರೋ ಅವರೇ ನಿಮ್ಮನ್ನು ಕಾಯುತ್ತಿದ್ದರು. ಒಂದು ಮನೆಯಿಂದಲೂ ಒಂದು ಮಾತು ಹೊರಗೆ ಬರಲಿಲ್ಲ. ಸುಮ್ಮನಿರುವುದನ್ನು ಕಲಿಸುವುದೇ ಕಷ್ಟ ಎಂದಿದ್ದಿರಲ್ಲ, ಎಷ್ಟು ಚೆನ್ನಾಗಿ ಕಲಿಸಿದ್ದಿರಿ ನೋಡಿ. ಬರುವ ಶನಿವಾರದಿಂದ ಮಕ್ಕಳು ಮತ್ತೆ ಬರುತ್ತಾರೆ. ಗಿರಿಜಾ ಪ್ರಶ್ನೆ ಕೇಳುತ್ತಾಳೆ, ನಾನು ನೆಲದ ಮೇಲೆ ಮನೆ ಗೀಚುತ್ತೇನೆ. ಹಾಡು ನನಗೆ ಬಾರದು, ತಾಳ ಹಾಕಬಲ್ಲೆ. ಹುಣಸೆ ಬೀಜ ತೊಳೆದು ಒಣಗಲು ಇಟ್ಟಿದ್ದೇನೆ.

ಇನ್ನೊಂದು ಸಲ ಓದೇ ಎನ್ನುತ್ತೀರಿ, ಗೊತ್ತು. ಓದುತ್ತೇನೆ. ಅದಕ್ಕೂ ಮುಂಚೆ ಇದೊಂದನ್ನು ಮಾತ್ರ ಸರಿಯಾಗಿ ಕೇಳಿಸಿಕೊಳ್ಳಿ. ಕುಂಕುಮದ ಭರಣಿಯ ಮುಚ್ಚಳ ತೆಗೆದಿಟ್ಟವಳು ನಾನಲ್ಲ.

ನಿಮ್ಮ ಸೊಸೆ,
ವಿಮಲಾ